ಹೋಮೊಲೊಗೇಶನ್

ಗ್ರೀಕಿನ ‘ಹೋಮೋಸ್’ ಎಂದರೆ ಒಂದೇ, ‘ಲೋಗೋಸ್’ ಎಂದರೆ ಮಾತು, ಕೂಡಿದರೆ ಒಪ್ಪಿಗೆ. ಮೋಟಾರು ಕ್ರೀಡೆಯಲ್ಲಿ ಇದು ಕಾರೊಂದು ಸ್ಪರ್ಧೆಗೆ ಅರ್ಹ ಎಂಬ ಅಧಿಕೃತ ಮಾನ್ಯತೆ. ಫೆರಾರಿ ಜಿಟಿಒ ಹೆಸರಿನ ಕೊನೆಯ ‘ಒ’ ಇದರದೇ ಇಟಾಲಿಯನ್ ರೂಪ, ‘ಒಮೊಲೊಗಾಟೊ’.

ಮಾನ್ಯತೆ ಬೇಕಿದ್ದರೆ ಇಂತಿಷ್ಟು ಕಾರು ತಯಾರಿಸಲೇಬೇಕಿತ್ತು: ಗ್ರೂಪ್ 4 ಎಂಬ ಸ್ಪರ್ಧಾ ವರ್ಗಕ್ಕೆ 400, ಗ್ರೂಪ್ ಬಿ ವರ್ಗಕ್ಕೆ 200. ಈ ಷರತ್ತಿನಿಂದಾಗಿ ಕೆಲವು ವಿಚಿತ್ರ ಕಾರುಗಳು ಬೀದಿಗಿಳಿದವು. 1980ರ ರೆನೋ 5 ಟರ್ಬೊ ನೋಡಿ. ಮೂಲ ರೆನೋ 5 ಪೇಟೆಗೆ ಹೋಗಿಬರುವ ಸಾಧು ಕಾರು. ಎಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರಗಳೇ. ಟರ್ಬೊದಲ್ಲಿ ಹಿಂದಿನ ಸೀಟನ್ನೇ ಕಿತ್ತು ಅಲ್ಲಿ 1,397 ಸಿಸಿ ಎಂಜಿನ್ ಕೂರಿಸಿ, ಬಲವನ್ನು ಹಿಂದಿನ ಚಕ್ರಗಳಿಗೆ ಕೊಟ್ಟರು. ಭಾರ ನಡುವೆ ನಿಂತದ್ದರಿಂದ ಕಾರು ತಿರುವಿನಲ್ಲಿ ಚುರುಕಾಗಿ ಹೊರಳುತ್ತಿತ್ತು. ಹಿಂಬದಿ ಉಬ್ಬಿದ್ದು ಅಗಲವಾದ ಟೈರುಗಳಿಗಾಗಿ. 1981ರಲ್ಲಿ ಚಾಲಕ ಜ್ಯಾಂ ರಾನ್ಯೊಟ್ಟಿ ಇದರಲ್ಲೇ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಮಕ್ಕಳಿಗೆ ಕೂರಲು ಜಾಗವಿಲ್ಲದ ಇದನ್ನು ಹ್ಯಾಚ್‌ಬ್ಯಾಕ್ ಎನ್ನುವುದು ಬರೀ ಸೌಜನ್ಯಕ್ಕೆ. ಬಳಿಕ ಪ್ಯೂಜೊ 205 ಟರ್ಬೊ 16 ಇದೇ ಹಾದಿ ಹಿಡಿದು, ನಾಲ್ಕೂ ಚಕ್ರಗಳಿಗೆ ಬಲ ಹಂಚಿ, 1985 ಮತ್ತು 1986ರ ವಿಶ್ವ ರ‍್ಯಾಲಿ ಪ್ರಶಸ್ತಿಗಳನ್ನು ಬಾಚಿಕೊಂಡಿತು.

ಭಾರತದ ವಾಹನೋದ್ಯಮದಲ್ಲಿ ಈ ಪದಕ್ಕೆ ರ‍್ಯಾಲಿಯ ಧೂಳು ಅಂಟಿಲ್ಲ. ಹೊಸ ವಾಹನ ಮಾರಾಟಕ್ಕೆ ಬರುವ ಮುನ್ನ ಸುರಕ್ಷತೆ, ಹೊಗೆ ಮುಂತಾದ ಪರೀಕ್ಷೆಗಳಲ್ಲಿ ಪಾಸಾಗಿ ಪಡೆಯುವ ಪ್ರಮಾಣಪತ್ರ, ಅಷ್ಟೇ.