ಚಿನ್ನದ ಗಣಿಯ ದಿಬ್ಬಗಳು

ಕೋಲಾರದ ಚಿನ್ನದ ಗಣಿಯನ್ನು ನೋಡಿಬರಬೇಕೆಂದು ಹೊರಡುವವರು ಮೊದಲೇ ಒಂದು ಮಾತನ್ನು ತಿಳಿದಿರುವುದು ಒಳ್ಳೆಯದು. ಅಲ್ಲಿ ಗಣಿ ಕಾಣುವುದಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಬಾಗಿಲು ಹಾಕಿತು. ನೀರನ್ನು ಮೇಲೆತ್ತುತ್ತಿದ್ದ ಪಂಪುಗಳು ನಿಂತುವು. ನೂರು ವರ್ಷಕ್ಕೂ ಮಿಕ್ಕಿ ಕೊರೆದ ಸುರಂಗಗಳಲ್ಲಿ ನೀರು ತುಂಬಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿ ಒಂದು ಕಾಲಕ್ಕೆ ಲೋಕದ ಅತ್ಯಂತ ಆಳವಾದ ಗಣಿಗಳಲ್ಲೊಂದೆಂದು ಹೆಸರಾಗಿತ್ತು. ಈಗ ನಮ್ಮ ಪಾಲಿಗೆ ಉಳಿದಿರುವುದು ಅದರ ಬಾಯ ಮೇಲಿನ ಉಕ್ಕಿನ ಗೋಪುರ, ಸುತ್ತ ಒಂದು ಬೇಲಿ.

ಹಾಗಾದರೆ ನೋಡುವುದೇನನ್ನು? ಬಯಲನ್ನು. ನೆಲದ ಒಳಗಿನ ಚರಿತ್ರೆಯೆಲ್ಲ ಇಲ್ಲಿ ಹೊರಕ್ಕೆ ಬಂದು ಬಿದ್ದಿದೆ.

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು. ರೈಲಿನಲ್ಲಿ ಹೋಗುವುದು ಲೇಸು. ಏಕೆಂದರೆ ದಾರಿಯೂ ಈ ಕಥೆಯ ಭಾಗವೇ. ಬಂಗಾರಪೇಟೆಯಲ್ಲಿ ಕವಲೊಡೆಯುವ ಹಳಿ ಗಣಿಗಾಗಿಯೇ 1894ರಲ್ಲಿ ಹಾಕಿದ್ದು. ಹೆಸರಿನಲ್ಲಿ ಬಂಗಾರವಿದೆಯಲ್ಲ ಎಂದು ಸಂತೋಷಪಡುವವರಿಗೆ ಒಂದು ಸಣ್ಣ ನಿರಾಶೆ ಕಾದಿದೆ: ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಅದು ಮೊದಲು ಬೌರಿಂಗ್‌ಪೇಟೆ. ಪರಭಾಷೆಯ ಹೆಸರನ್ನು ತನ್ನ ನಾಲಗೆಗೂ ಆಸೆಗೂ ಒಗ್ಗಿಸಿಕೊಳ್ಳುವುದು ಕನ್ನಡಕ್ಕೆ ಹಳೆಯ ಅಭ್ಯಾಸ. ಅಲ್ಲಿಂದ ಮುಂದೆ ಕೋರಮಂಡಲ, ಉರಿಗಾಂ, ಚಾಂಪಿಯನ್; ಕೊನೆಗೆ ಮಾರಿಕುಪ್ಪಂ. ಅದರಾಚೆಗೆ ಹಳಿಯಿಲ್ಲ.

ಊರು ಹತ್ತಿರವಾದಂತೆ ಬೂದಿ ಬಣ್ಣದ ಗುಡ್ಡಗಳು ಕಾಣಿಸುತ್ತವೆ. ತಲೆ ಚಪ್ಪಟೆ, ಪಕ್ಕಗಳಲ್ಲಿ ಮಳೆನೀರು ಕೊರೆದ ಸೀಳುಗಳು, ಅಲ್ಲಲ್ಲಿ ಕುರುಚಲು ಬಿಟ್ಟರೆ ಹಸುರೇ ಕಡಮೆ. ಹೊಸಬರು ಇವನ್ನು ದೇವರು ಮಾಡಿದ ಬೆಟ್ಟಗಳೆಂದೇ ತಿಳಿಯುತ್ತಾರೆ. ಊರವರು ಸೈನೈಡ್ ದಿಬ್ಬ ಎನ್ನುತ್ತಾರೆ. ಆಳದಿಂದ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಹುಡಿಯ ರಾಶಿ ಇದು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಟ ಚಿನ್ನ ಸುಮಾರು 800 ಟನ್ನು. ಹಿಂದೆ ಬಿಟ್ಟುಹೋದ ಹುಡಿ ಸುಮಾರು ಮೂರು ಕೋಟಿ ಟನ್ನಿಗೂ ಮೇಲೆ. ಸಿನಿಮಾದವರಿಗೆ ಈ ದಿಬ್ಬಗಳೆಂದರೆ ಪ್ರೀತಿ. 2018ರಲ್ಲಿ ಬಂದ ಕೆ.ಜಿ.ಎಫ್. ಚಿತ್ರದ ಮೇಲಂತೂ ಹೊರಗಿನವರಿಗೆ ಊರಿನ ಪರಿಚಯವೇ ಅದರಿಂದಾಯಿತು. ಬೀಸುಗಾಳಿಯ ದಿನ ಇದೇ ಹುಡಿ ಬುಡದ ಮನೆಗಳ ಅಡುಗೆಯ ಪಾತ್ರೆಗಳ ಮೇಲೆ ಕೂರುತ್ತದೆ ಎಂಬುದು ತೆರೆಯ ಮೇಲೆ ಕಾಣುವ ವಿಷಯವಲ್ಲ.

ಚಿನ್ನ ಇಲ್ಲಿರುವುದನ್ನು ಕಂಡುಹಿಡಿದವರು ಯಾರು? ಶಾಲೆಯ ಮಕ್ಕಳನ್ನು ಕೇಳಿದರೆ ಇಂಗ್ಲಿಷರು ಎನ್ನುತ್ತಾರೆ. ನಡೆದದ್ದು ಬೇರೆ. ಕುವಳಾಲಪುರವರೇಶ್ವರರೆಂದು ಕರೆದುಕೊಂಡ ಗಂಗರ ನಾಡಿದು. ಅವರ ಕುವಳಾಲವೇ ನಮ್ಮ ಕೋಲಾರ. ಯಂತ್ರಗಳು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿಯ ಜನ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಸಿ, ಚಿನ್ನದ ಎಳೆಯನ್ನು ಹಿಂಬಾಲಿಸಿ ಆಳಕ್ಕೆ ಇಳಿದಿದ್ದರು. ಟಿಪ್ಪುವಿನ ಪತನದ ತರುವಾಯ ಮೈಸೂರಿನ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಹಳ್ಳಿಯವರು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೆಗೆದು ತೋರಿಸಿದರು. ಆ ವಿದ್ಯೆ ಅವರಿಗೆ ಅನ್ನದ ದಾರಿಯಾಗಿತ್ತು, ವಾರೆನ್‌ಗೆ ವರದಿಯಾಯಿತು.

ಆ ವರದಿಯನ್ನು ಸುಮಾರು ಎಪ್ಪತ್ತು ವರ್ಷಗಳ ಮೇಲೆ ಓದಿದವನು ಮೈಕೇಲ್ ಲ್ಯಾವೆಲ್. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬೆಂಗಳೂರಿಗೆ ಬಂದು ನೆಲೆಸಿದ್ದ ಐರಿಷ್ ಸಿಪಾಯಿ. 1871ರಲ್ಲಿ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದು ಹುಡುಕಾಡಿ, 1875ರಲ್ಲಿ ಮೈಸೂರು ಸರ್ಕಾರದಿಂದ ಹಕ್ಕನ್ನು ಪಡೆದ. ಬಂಡವಾಳ ಸಾಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಕಾಲಿಟ್ಟಿತು. ಅವರಿಗೂ ಮೊದಲಲ್ಲಿ ದಕ್ಕಲಿಲ್ಲ. ಹಾಕಿದ ಹಣವೆಲ್ಲ ಕರಗುತ್ತ ಬಂದಾಗ, ಹಿಂದಿನವರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೇ ಇನ್ನೂ ಆಳಕ್ಕೆ ಹೋದರು. ಎಳೆ ಸಿಕ್ಕಿತು! ಅದೇ ಪ್ರಸಿದ್ಧವಾದ ಚಾಂಪಿಯನ್ ರೀಫ್. ಹೆಸರಿಲ್ಲದ ಆ ಪೂರ್ವಿಕರು ಗುರುತು ಬಿಟ್ಟುಹೋಗದಿದ್ದರೆ ಕಂಪೆನಿ ಅಂದೇ ಗಂಟುಮೂಟೆ ಕಟ್ಟುತ್ತಿತ್ತೋ ಏನೋ. ಲ್ಯಾವೆಲ್ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಸ್ತೆಯಿದೆ. ಗಣಿಯ ಪೇಟೆಗಳು ರಾಬರ್ಟ್‌ಸನ್, ಆಂಡರ್‌ಸನ್ ದೊರೆಗಳ ಹೆಸರನ್ನು ಹೊತ್ತಿವೆ. ಬಂಡಿ ಹೊಡೆದುಕೊಂಡು ಬಂದವರ ಹೆಸರಿನಲ್ಲಿ ಒಂದು ಗಲ್ಲಿಯೂ ಇಲ್ಲ.

ಮುಂದಿನ ಕಥೆಯನ್ನು ವಿದ್ಯುತ್ತಿನಿಂದ ಹೇಳುವುದು ವಾಡಿಕೆ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಪಯಣಿಸಿ 1902ರ ಜೂನ್ 30ರಂದು ಗಣಿಗೆ ಬಂದಿತು. ಬೆಂಗಳೂರು ನಗರ ದೀಪ ಕಂಡದ್ದು 1905ರಲ್ಲಿ. ಯೋಜನೆಗೆ ಹೆಗಲು ಕೊಟ್ಟ ದಿವಾನ ಶೇಷಾದ್ರಿ ಅಯ್ಯರ್ ಅದನ್ನು ಕಾಣದೆ 1901ರಲ್ಲೇ ತೀರಿಕೊಂಡರು. ಇದು ನಮಗೆ ಹೆಮ್ಮೆಯ ಸಂಗತಿಯೆ, ಸಂದೇಹವಿಲ್ಲ. ಆದರೆ ಆ ವಿದ್ಯುತ್ತು ಬಂದದ್ದು ಕಲ್ಲು ಅರೆಯುವ ಯಂತ್ರಗಳಿಗಾಗಿ, ಕಲ್ಲು ಒಡೆಯುವವರ ಗುಡಿಸಲಿಗಾಗಿ ಅಲ್ಲ. ಚಿನ್ನ ಸಮುದ್ರ ದಾಟಿತು. ಮೈಸೂರು ಸಂಸ್ಥಾನಕ್ಕೆ ರಾಯಧನ ಬಂತು.

ಊರನ್ನು ನಡೆದು ನೋಡಿದರೆ ಇದು ತಾನಾಗಿಯೇ ಗೊತ್ತಾಗುತ್ತದೆ. ಒಂದು ಕಡೆ ಕೆಂಪು ಹೆಂಚಿನ ಬಂಗಲೆಗಳು, ದೊಡ್ಡ ಮರಗಳು, ಕ್ಲಬ್ಬು, ಗಾಲ್ಫ್ ಬಯಲು. ತಂಪು ಹವೆಯ ಈ ಜಾಗವನ್ನು ಬಿಳಿಯರು ಪುಟ್ಟ ಇಂಗ್ಲೆಂಡ್ ಎನ್ನುತ್ತಿದ್ದರಂತೆ. ಇನ್ನೊಂದು ಕಡೆ ಒಂದಕ್ಕೊಂದು ಅಂಟಿಕೊಂಡ ಕೂಲಿ ಲೈನುಗಳು. ಇಲ್ಲಿಗೆ ಬಂದವರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು; ಅವರಲ್ಲಿ ಹೆಚ್ಚಿನವರು ಊರಿನ ಬಾವಿಯ ನೀರು ಮುಟ್ಟಗೊಡದ ಹಳ್ಳಿಗಳನ್ನು ಬಿಟ್ಟು ಬಂದವರು. ತೆಲುಗರೂ ಕನ್ನಡಿಗರೂ ಇದ್ದರು. ಆಳದಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿಯನ್ನು ಮೀರುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿಯುವುದಂತೂ ಅಲ್ಲಿಯ ನಿತ್ಯದ ಭಯ. ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದುವು, ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಇದನ್ನೆಲ್ಲ ಸಹಿಸಿದ ಜನ 1930ರಲ್ಲಿ, ಬೆರಳಿನ ಗುರುತು ಒತ್ತಬೇಕೆಂಬ ಆಜ್ಞೆ ಬಂದಾಗ, ತಾವು ಕಳ್ಳರಲ್ಲವೆಂದು ಕೆಲಸ ಬಿಟ್ಟು ಕುಳಿತರು. ವಾರಗಟ್ಟಲೆ ಗಣಿ ನಿಂತಿತು. 1946ರ ಮುಷ್ಕರದ ಕಾಲದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಪ್ರವಾಸಿಗಳ ಕೈಪಿಡಿಯಲ್ಲಿ ಅವರ ಸ್ಮಾರಕಕ್ಕೆ ಜಾಗ ಸಿಕ್ಕುವುದು ಅಪರೂಪ. ಹೋದವರು ಕೇಳಿ ನೋಡಿಬರಬೇಕು.

ಸರ್ಕಾರಗಳ ಕಥೆ ಬೇಗ ಮುಗಿಯುತ್ತದೆ. 1956ರಲ್ಲಿ ಮೈಸೂರು ರಾಜ್ಯ ಗಣಿಯನ್ನು ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಒಪ್ಪಿಸಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ನಡುವೆ ಒಂದು ಸೊಗಸಾದ ಅಧ್ಯಾಯ ಬಂದುಹೋಯಿತು. 1965ರಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಕೂಡಿ, ಆಕಾಶದಿಂದ ಬಂದು ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ಎಂಬ ಕಣದ ಗುರುತನ್ನು ಹಿಡಿದರು. ಚಿನ್ನಕ್ಕಾಗಿ ತೋಡಿದ ಗುಂಡಿಯಲ್ಲಿ ಆಕಾಶದ ಸುದ್ದಿ ಸಿಕ್ಕಿತು.

ಸುತ್ತಣ ಬಯಲಿಗೂ ಅರ್ಧ ದಿನ ಇಟ್ಟುಕೊಳ್ಳಿ. ಪೆದ್ದಪಲ್ಲಿಯ ಬಳಿ ಬೆಂಕಿಬೆಟ್ಟ ಉಗುಳಿದ ಕಲ್ಲುಗಳು ಹರಡಿವೆ; ಕೋಟಿಗಟ್ಟಲೆ ವರ್ಷಗಳ ಹಿಂದಿನ ಈ ಬಂಡೆಗಳನ್ನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆ ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಚಿನ್ನದ ವಂಶಾವಳಿ ಅಲ್ಲಿಂದಲೇ ತೊಡಗುತ್ತದೆ. ಬೇತಮಂಗಲದಲ್ಲಿ ಪಾಲಾರ್ ನದಿಗೆ ಕಟ್ಟಿದ ಕೆರೆ ಗಣಿಯೂರಿಗೆ ಕುಡಿಯುವ ನೀರು ಕೊಟ್ಟದ್ದು. ಸಂಜೆ ಏರಿಯ ಮೇಲೆ ಕುಳಿತುಕೊಳ್ಳಲು ಹಿತವಾದ ಸ್ಥಳ. ಹತ್ತಿರದಲ್ಲೇ ಗುಟ್ಟಹಳ್ಳಿಯ ಬಂಗಾರು ತಿರುಪತಿ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ ಎದ್ದು ನಿಂತಿದೆ. ಜನ ಗಣಿಗಿಂತ ಅದಕ್ಕೇ ಹೆಚ್ಚು ಹೋಗುತ್ತಾರೆ.

ಇನ್ನು ದಿಬ್ಬಗಳ ಮಾತು. ಆ ಹುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. 13 ದಿಬ್ಬಗಳಲ್ಲಿ, ಸಾವಿರ ಎಕರೆಗೂ ಮಿಕ್ಕ ನೆಲದಲ್ಲಿ, ಅದನ್ನು ಮತ್ತೆ ತೆಗೆಸುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಣಿ ಮುಚ್ಚಿದ ಮೇಲೆ ಊರಿನ ಅನೇಕರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಬಾಳಿಗೆ ಬಿದ್ದರು. ಈ ಸಲದ ಚಿನ್ನದಲ್ಲಾದರೂ ಅವರ ಮಕ್ಕಳಿಗೆ ಪಾಲಿದೆಯೆ ಎಂದು ಮಾರಿಕುಪ್ಪಂ ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೆ.

ದಿಬ್ಬಗಳನ್ನು ಈಗಿರುವಂತೆ ನೋಡಬೇಕೆನ್ನುವವರು ಮಳೆ ಕಳೆದ ಮೇಲೆ, ಚಳಿಗಾಲದ ಬೆಳಗಿನಲ್ಲಿ ಹೋಗುವುದು ವಾಸಿ. ಬೇಸಗೆಯಲ್ಲಿ ಹುಡಿ ಕಣ್ಣು ಬಿಡಗೊಡುವುದಿಲ್ಲ. ಮೇಲೆ ಹತ್ತಬೇಡಿ, ದೂರದಿಂದಲೇ ಚೆನ್ನಾಗಿ ಕಾಣುತ್ತವೆ.