ಪುಟ್ಟಣ್ಣ ಕಣಗಾಲ್: ಪಿರಿಯಾಪಟ್ಟಣ ತಾಲ್ಲೂಕು ಕೊಟ್ಟ ‘ಚಿತ್ರಬ್ರಹ್ಮ’

ಹೀರೋ ಯಾರು ಅಂತ ಪೋಸ್ಟರ್ ನೋಡಿ ಟಿಕೆಟ್ ತಗೊಳ್ಳೋ ಕಾಲದಲ್ಲಿ, ‘ಇದು ಪುಟ್ಟಣ್ಣನ ಪಿಚ್ಚರ್’ ಅಂತಲೇ ಜನ ಟಾಕೀಸಿಗೆ ಬರುವ ಹಾಗೆ ಮಾಡಿದವರು ನಿರ್ದೇಶಕ ಎಸ್.ಆರ್. ಪುಟ್ಟಣ್ಣ ಕಣಗಾಲ್.

ಹುಟ್ಟು, ಆರಂಭ

1933ರ ಡಿಸೆಂಬರ್ 1ರಂದು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಜನನ. ಮೂಲ ಹೆಸರು ಸೀತಾರಾಮ ಶರ್ಮ. ಚಿತ್ರಸಾಹಿತಿ ಕಣಗಾಲ್ ಪ್ರಭಾಕರ ಶಾಸ್ತ್ರಿ ಇವರ ಅಣ್ಣ. ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತರು. 1964ರಲ್ಲಿ ಮಲಯಾಳಂನ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದರು. ಕನ್ನಡದಲ್ಲಿ ಮೊದಲ ಚಿತ್ರ ‘ಬೆಳ್ಳಿಮೋಡ’ (1967).

ಕಾದಂಬರಿಯಿಂದ ತೆರೆಗೆ

ಮನೆಮನೆಯಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದ ಕಾದಂಬರಿಗಳನ್ನೇ ಪುಟ್ಟಣ್ಣ ತೆರೆಗೆ ತಂದರು. ತ್ರಿವೇಣಿಯವರ ‘ಬೆಳ್ಳಿಮೋಡ’ದಲ್ಲಿ ಆಸ್ತಿ ಕೈತಪ್ಪಿತು ಅಂತ ಹಿಂದೆ ಸರಿದ ಹುಡುಗ ಮತ್ತೆ ಬಂದಾಗ ನಾಯಕಿ ಅವನನ್ನು ಒಪ್ಪುವುದಿಲ್ಲ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯಲ್ಲಿ ವೇಶ್ಯೆಯ ಮನೆಯಲ್ಲಿ ಹುಟ್ಟಿದ ಹುಡುಗಿ ಎಲ್ಲರಂತೆ ಮದುವೆಯಾಗಿ ಬಾಳಲು ಬಯಸುತ್ತಾಳೆ. ಈ ಚಿತ್ರದ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು.

ತ್ರಿವೇಣಿಯವರದೇ ‘ಶರಪಂಜರ’ (1971) ಇನ್ನೂ ಮುಂದೆ ಹೋಯಿತು. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಆದರೆ ಗಂಡ, ನೆಂಟರು, ನೆರೆಹೊರೆ ಅವಳನ್ನು ‘ಹುಚ್ಚಿ’ ಅಂತಲೇ ನೋಡುತ್ತಾರೆ; ಅವಳು ಮತ್ತೆ ಆಸ್ಪತ್ರೆ ಸೇರಬೇಕಾಗುತ್ತದೆ. ಕಾಯಿಲೆಗಿಂತ ಜನರ ಮಾತೇ ಹೆಚ್ಚು ಕೊಲ್ಲುತ್ತದೆ ಅನ್ನೋದನ್ನು ಇಷ್ಟು ನೇರವಾಗಿ ಹೇಳಿದ ಜನಪ್ರಿಯ ಚಿತ್ರ ಅಪರೂಪ. ಈ ಮೂರರಲ್ಲೂ ನಾಯಕಿ ಕಲ್ಪನಾ.

ಹೊಸ ಮುಖಗಳು

ತರಾಸು ಅವರ ಮೂರು ಕಾದಂಬರಿ ಸೇರಿಸಿ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಿಸಿದ ‘ನಾಗರಹಾವು’ (1972) ವಿಷ್ಣುವರ್ಧನ್‌ಗೆ ನಾಯಕಪಟ್ಟ ಕೊಟ್ಟಿತು. ಅಂಬರೀಷ್ ತೆರೆಗೆ ಬಂದದ್ದೂ ಅದರಲ್ಲೇ. ಚಿತ್ರ ಗೆದ್ದರೂ, ಕಾದಂಬರಿ ಬದಲಾದ ರೀತಿ ತರಾಸು ಅವರಿಗೆ ಹಿಡಿಸಲಿಲ್ಲ.

ಮೂರು ಕಥೆಗಳನ್ನು ಒಂದೇ ಚಿತ್ರದಲ್ಲಿ ಹೇಳಿದ ‘ಕಥಾಸಂಗಮ’ (1976), ನಾಟಕದ ನಟಿಯ ಬದುಕಿನ ‘ರಂಗನಾಯಕಿ’ (1981), ‘ಮಾನಸ ಸರೋವರ’ (1982) ಇವರ ಇತರ ಹೆಸರಾಂತ ಚಿತ್ರಗಳು.

ಕೊನೆಯ ಚಿತ್ರ

‘ಮಸಣದ ಹೂವು’ ಮುಗಿಯುವ ಮೊದಲೇ, 1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು. ವಯಸ್ಸು 51. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಪೂರೈಸಿದರು. ಚಿತ್ರ ನಿರ್ದೇಶಕರಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಗೆ ಪುಟ್ಟಣ್ಣನವರ ಹೆಸರಿದೆ. ಆ ಹೆಸರಿನ ಜೊತೆ ಕಣಗಾಲ್ ಊರಿನ ಹೆಸರೂ ಉಳಿದಿದೆ.