ವಿದ್ಯಾರ್ಥಿಸಂಘದ ಬೊಕ್ಕಸವೂ ವಿದ್ಯಾರ್ಥಿಪತ್ರಿಕೆಯ ಸ್ವಾತಂತ್ರ್ಯವೂ

ವಿದ್ಯಾರ್ಥಿಗಳು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿ, ತಾವು ಸಲ್ಲಿಸಿದ ಶುಲ್ಕದ ಒಂದು ಭಾಗವನ್ನು ಅವರ ವಶಕ್ಕೆ ಒಪ್ಪಿಸಿ, ಅದರಿಂದ ಪತ್ರಿಕೆ ಮೊದಲಾದುವನ್ನು ನಡೆಯಿಸುವ ಪದ್ಧತಿಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇಲ್ಲಿ ಹಣವನ್ನು ಕೊಡುವವರು ಸಹಸ್ರಾರು ಮಂದಿ, ಹಂಚುವವರು ಕೆಲವರು, ಬರೆದು ಅಚ್ಚುಹಾಕಿಸುವವರು ಬೇರೆ ಕೆಲವರು. ಈ ಮೂವರಲ್ಲಿ ಸೌಮನಸ್ಯವಿರುವವರೆಗೆ ವಿವಾದಕ್ಕೆ ಆಸ್ಪದವಿಲ್ಲ. ಆದರೆ ಬರೆದುದು ಕೊಡುವವರಿಗಾಗಲಿ ಹಂಚುವವರಿಗಾಗಲಿ ಅಪ್ರಿಯವಾದಾಗ, ಹಣವನ್ನು ನಿಲ್ಲಿಸುವ ಅಧಿಕಾರವು ಯಾರಿಗಾದರೂ ಉಂಟೇ ಎಂಬ ಪ್ರಶ್ನೆಯು ಏಳುತ್ತದೆ. ೧೯೭೩ರಿಂದ ೨೦೧೯ರವರೆಗೆ ಆ ದೇಶದ ನ್ಯಾಯಸ್ಥಾನಗಳಲ್ಲಿ ಆದ ಐದು ನಿರ್ಣಯಗಳನ್ನು ಅನುಕ್ರಮವಾಗಿ ಪರಿಶೀಲಿಸಿದರೆ ಈ ಪ್ರಶ್ನೆಯ ಸ್ವರೂಪವು ವಿಶದವಾಗುವುದು.

ಇವೆಲ್ಲಕ್ಕೂ ಮೂಲವಾದುದು ೧೭೯೧ರಲ್ಲಿ ಆ ದೇಶದ ರಾಜ್ಯಾಂಗಕ್ಕೆ ಸೇರಿದ ಮೊದಲನೆಯ ತಿದ್ದುಪಡಿ. ವಾಕ್ ಸ್ವಾತಂತ್ರ್ಯವನ್ನೂ ಮುದ್ರಣ ಸ್ವಾತಂತ್ರ್ಯವನ್ನೂ ಸರ್ಕಾರವು ಕುಂದಿಸಲಾಗದೆಂಬುದು ಅದರ ತಾತ್ಪರ್ಯ. ಸರ್ಕಾರಕ್ಕೆ ಸೇರಿದ ವಿಶ್ವವಿದ್ಯಾನಿಲಯಗಳಿಗೆ ಮಾತ್ರವೇ ಇದು ಅನ್ವಯಿಸುವುದೆಂಬುದನ್ನೂ, ಖಾಸಗಿ ವಿದ್ಯಾಲಯಗಳು ಈ ನಿರ್ಬಂಧಕ್ಕೆ ಒಳಪಟ್ಟಿಲ್ಲವೆಂಬುದನ್ನೂ ಮೊದಲೇ ಗಮನಿಸತಕ್ಕದ್ದು.

ಮೊದಲನೆಯ ವ್ಯಾಜ್ಯವು ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾನಿಲಯದ್ದು. ಆಫ್ರಿಕನ್ ಮೂಲದ ವಿದ್ಯಾರ್ಥಿಗಳಿಗಾಗಿ ಸ್ಥಾಪಿತವಾಗಿದ್ದ ಆ ಸಂಸ್ಥೆಗೆ ಬಿಳಿಯ ವಿದ್ಯಾರ್ಥಿಗಳು ಹೆಚ್ಚಾಗಿ ಸೇರುವುದನ್ನು ವಿರೋಧಿಸಿ, ‘ಕ್ಯಾಂಪಸ್ ಎಕೊ’ ಎಂಬ ವಿದ್ಯಾರ್ಥಿಪತ್ರಿಕೆಯು ೧೯೭೧ರ ಸೆಪ್ಟೆಂಬರ್ ತಿಂಗಳಲ್ಲಿ ತೀವ್ರವಾಗಿ ಬರೆಯಿತು. ಅಧ್ಯಕ್ಷರಾಗಿದ್ದ ಆಲ್ಬರ್ಟ್ ವೈಟಿಂಗರು ಧನಸಹಾಯವನ್ನು ನಿಲ್ಲಿಸಿದರು. ಸಂಪಾದಕನಾದ ಜಾಯ್ನರನೂ ವಿದ್ಯಾರ್ಥಿಸಂಘದ ಅಧ್ಯಕ್ಷನೂ ಕೂಡಿ ನ್ಯಾಯಸ್ಥಾನದ ಮೊರೆಹೊಕ್ಕರು. ಸಂಘವೂ ಪತ್ರಿಕೆಯೂ ಒಂದೇ ಪಕ್ಷದಲ್ಲಿ ನಿಂತುದು ಇಲ್ಲಿನ ವಿಶೇಷ. ವಿದ್ಯಾಲಯವು ಪತ್ರಿಕೆಯನ್ನು ನಡೆಯಿಸಲೇಬೇಕೆಂಬ ನಿಯಮವಿಲ್ಲ. ಬೇರೆ ಕಾರಣಗಳಿಂದ ಅದನ್ನು ನಿಲ್ಲಿಸಲೂಬಹುದು. ಆದರೆ ಬರೆದ ಅಭಿಪ್ರಾಯವು ಹಿಡಿಸಲಿಲ್ಲವೆಂಬ ಕಾರಣದಿಂದ ಹಣವನ್ನು ತಡೆಯುವಂತಿಲ್ಲ ಎಂದು ೧೯೭೩ರಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯವು ತೀರ್ಮಾನಿಸಿತು.

ನಿಜವಾದ ಕಾರಣವನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ಮಿನಿಸೋಟಾ ವಿಶ್ವವಿದ್ಯಾನಿಲಯದ ವ್ಯಾಜ್ಯವು ಉತ್ತಮ ನಿದರ್ಶನ. ೧೯೭೯ರಲ್ಲಿ ‘ಮಿನಿಸೋಟಾ ಡೈಲಿ’ ಪತ್ರಿಕೆಯು ಹೊರತಂದ ಹಾಸ್ಯ ಸಂಚಿಕೆಯು ಅನೇಕರನ್ನು ಕೆರಳಿಸಿತು. ಪತ್ರಿಕೆಯ ಶುಲ್ಕವನ್ನು ಬೇಡವೆನ್ನುವ ವಿದ್ಯಾರ್ಥಿಗೆ ಅದನ್ನು ಹಿಂದಿರುಗಿಸತಕ್ಕದ್ದೆಂದು ಆಡಳಿತ ಮಂಡಲಿಯು ೧೯೮೦ರಲ್ಲಿ ವಿಧಿಸಿತು. ಒಲ್ಲದವರಿಂದ ಬಲವಂತವಾಗಿ ಹಣ ತೆಗೆದುಕೊಳ್ಳಬಾರದೆಂಬುದೇ ಮಂಡಲಿಯು ಹೇಳಿದ ಹೇತು. ಆ ಹೇತುವು ಸತ್ಯವಾಗಿದ್ದರೆ, ಅದೇ ವಿಶ್ವವಿದ್ಯಾನಿಲಯದ ಇತರ ಊರುಗಳ ಶಾಖೆಗಳಲ್ಲಿದ್ದ ಪತ್ರಿಕೆಗಳಿಗೂ ಆ ವಿಧಿಯು ಅನ್ವಯಿಸಬೇಕಾಗಿದ್ದಿತು. ಅಲ್ಲಿ ಶುಲ್ಕವು ಯಥಾಸ್ಥಿತಿಯಲ್ಲಿಯೇ ಉಳಿಯಿತು. ಅಪ್ರಿಯವಾದ ಬರಹವಿದ್ದೆಡೆ ಬದಲಾವಣೆ, ಅದಿಲ್ಲದೆಡೆ ಬದಲಾವಣೆಯಿಲ್ಲ. ಈ ಅನ್ವಯ ವ್ಯತಿರೇಕಗಳಿಂದ ಹೇಳಿದ ಹೇತುವು ಹೇತ್ವಾಭಾಸವೆಂದು ಸಿದ್ಧವಾಯಿತು. ೧೯೮೩ರಲ್ಲಿ ಎಂಟನೆಯ ವಲಯದ ನ್ಯಾಯಾಲಯವು ಪತ್ರಿಕೆಯ ಪರವಾಗಿ ನಿರ್ಣಯಿಸಿತು.

ಈ ಎರಡರಲ್ಲಿಯೂ ತಡೆದವರು ಹಿರಿಯ ಅಧಿಕಾರಿಗಳು. ಮೂರನೆಯದರಲ್ಲಿ ಆ ಸ್ಥಾನಕ್ಕೆ ವಿದ್ಯಾರ್ಥಿಗಳೇ ಬಂದರು. ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರತಿಯೊಬ್ಬ ಪೂರ್ಣಾವಧಿ ವಿದ್ಯಾರ್ಥಿಯಿಂದಲೂ ಅರ್ಧವರ್ಷಕ್ಕೆ ೧೪ ಡಾಲರುಗಳನ್ನು ಪಡೆದು ಒಂದು ನಿಧಿಯನ್ನು ಕೂಡಿಸುತ್ತಿದ್ದರು. ೧೯೯೦-೯೧ರಲ್ಲಿ ಅರ್ಹತೆ ಪಡೆದಿದ್ದ ೩೪೩ ಸಂಘಗಳಲ್ಲಿ ೧೩೫ ಸಂಘಗಳು ಸಹಾಯವನ್ನು ಕೋರಿದುವು. ೧೧೮ಕ್ಕೆ ಅದು ದೊರೆಯಿತು. ಅವುಗಳಲ್ಲಿ ೧೫ ವಾರ್ತೆ, ಅಭಿಪ್ರಾಯ ಮೊದಲಾದುವನ್ನು ಪ್ರಚುರಪಡಿಸುವ ಸಂಘಗಳು. ‘ವೈಡ್ ಅವೇಕ್’ ಎಂಬ ಕ್ರೈಸ್ತ ದೃಷ್ಟಿಯ ಪತ್ರಿಕೆಯು ಅಚ್ಚುಕೂಟಕ್ಕೆ ಸಲ್ಲಬೇಕಾದ ೫,೮೬೨ ಡಾಲರುಗಳನ್ನು ಕೇಳಿದಾಗ, ವಿದ್ಯಾರ್ಥಿಪರಿಷತ್ತಿನ ಹಂಚಿಕೆಯ ಸಮಿತಿಯು ಇದು ಧಾರ್ಮಿಕ ಕಾರ್ಯವೆಂದು ನಿರಾಕರಿಸಿತು. ೧೯೯೫ರ ಜೂನ್ ೨೯ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಪತ್ರಿಕೆಯ ಪಕ್ಷವನ್ನು ಎತ್ತಿಹಿಡಿದರು. ಬಹುಮತದ ನಿರ್ಣಯವನ್ನು ಬರೆದ ಕೆನೆಡಿಯವರ ವಾದಸರಣಿಯಂತೆ, ಇತರ ದೃಷ್ಟಿಗಳಿಂದ ಬರೆಯುವವರಿಗೆ ಕೊಡುವುದನ್ನು ಧರ್ಮದೃಷ್ಟಿಯಿಂದ ಬರೆಯುವವರಿಗೆ ತಪ್ಪಿಸುವುದು ಅಭಿಪ್ರಾಯಭೇದದ ಮೇಲೆ ಮಾಡಿದ ಪಕ್ಷಪಾತ. ಸೂಟರ್ ಮೊದಲಾದ ನಾಲ್ವರು, ಸರ್ಕಾರದ ಹಣವು ನೇರವಾಗಿ ಧರ್ಮಪ್ರಚಾರಕ್ಕೆ ಸಲ್ಲುವುದೆಂದು ಭಿನ್ನಮತವನ್ನು ಬರೆದರು. ಈ ಆಕ್ಷೇಪವು ಅಲ್ಪವಾದುದಲ್ಲ. ಹಣವು ಪತ್ರಿಕೆಯವರ ಕೈಗೆ ಹೋಗದೆ ಮುದ್ರಕನಿಗೆ ಸಲ್ಲುವುದೆಂಬುದು ಬಹುಮತದವರು ಕೊಟ್ಟ ಸಮಾಧಾನಗಳಲ್ಲಿ ಒಂದು.

ಹಾಗಾದರೆ ಒಲ್ಲದ ಮತಕ್ಕೆ ಹಣ ತೆರಬೇಕಾದ ವಿದ್ಯಾರ್ಥಿಯ ಗತಿಯೇನು? ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸೌತ್‌ವರ್ತ್ ಮೊದಲಾದವರು ಎತ್ತಿದ ಪ್ರಶ್ನೆ ಇದೇ. ೧೯೯೫-೯೬ರಲ್ಲಿ ಅಲ್ಲಿನ ಶುಲ್ಕವು ವರ್ಷಕ್ಕೆ ೩೩೧ ಡಾಲರು ೫೦ ಸೆಂಟು. ಹಂಚಿಕೆಯು ಅಭಿಪ್ರಾಯನಿರಪೇಕ್ಷವಾಗಿದ್ದರೆ, ಎಂದರೆ ಮತವಾವುದೆಂದು ನೋಡದೆ ಸಮಾನ ನಿಯಮದಿಂದ ನಡೆದರೆ, ಶುಲ್ಕವು ನ್ಯಾಯವೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೦೦ದ ಮಾರ್ಚ್ ೨೨ರಂದು ಹೇಳಿತು. ಆದರೆ ಅಲ್ಲಿ ಮತ್ತೊಂದು ಪದ್ಧತಿಯಿದ್ದಿತು: ಒಂದು ಸಂಘಕ್ಕೆ ಹಣ ಕೊಡಬೇಕೇ ಬೇಡವೇ ಎಂಬುದನ್ನು ಸಮಸ್ತ ವಿದ್ಯಾರ್ಥಿಗಳ ಮತದಾನದಿಂದಲೂ ನಿಶ್ಚಯಿಸಬಹುದಾಗಿದ್ದಿತು. ಒಂದು ಸಂಘವು ಹೀಗೆಯೇ ೪೫,೦೦೦ ಡಾಲರುಗಳನ್ನು ಪಡೆದಿದ್ದಿತು. ಬಹುಜನರ ಇಷ್ಟವನ್ನು ನಿರಪೇಕ್ಷತೆಯ ಸ್ಥಾನದಲ್ಲಿ ಕೂರಿಸಿದರೆ ಅಲ್ಪಸಂಖ್ಯಾತರ ಅಭಿಪ್ರಾಯಕ್ಕೆ ರಕ್ಷಣೆಯಿಲ್ಲವೆಂದು ನ್ಯಾಯಾಲಯವು ಎಚ್ಚರಿಸಿ, ಆ ಅಂಶವನ್ನು ಮರುವಿಚಾರಣೆಗೆ ಕಳುಹಿಸಿತು. ಚುನಾವಣೆಯಿಂದ ಬಂದ ಅಧಿಕಾರಕ್ಕೂ ಎಲ್ಲೆಯುಂಟೆಂಬುದು ಇಲ್ಲಿ ಸ್ಪಷ್ಟವಾಯಿತು.

ಈ ಎಲ್ಲೆಯನ್ನು ದಾಟದೆಯೇ ಇಷ್ಟಾರ್ಥವನ್ನು ಸಾಧಿಸುವ ಉಪಾಯವೊಂದು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಕಾಣಿಸಿಕೊಂಡಿತು. ‘ಕೋಆಲ’ ಎಂಬ ವಿಡಂಬನ ಪತ್ರಿಕೆಯು ಜನಾಂಗಗಳನ್ನು ಹೀಯಾಳಿಸುವ ಬರಹವನ್ನು ಪ್ರಕಟಿಸಿದ ಮೇಲೆ, ೨೦೧೫ರ ನವೆಂಬರ್ ೧೮ರಂದು ಆಡಳಿತದವರು ಅದನ್ನು ಖಂಡಿಸಿದರು. ಅದೇ ದಿನ ವಿದ್ಯಾರ್ಥಿಸಂಘವು ಆ ಪತ್ರಿಕೆಯೊಂದಕ್ಕೇ ಅಲ್ಲದೆ ವಿದ್ಯಾರ್ಥಿಗಳ ಮುದ್ರಿತ ಪತ್ರಿಕೆಗಳೆಲ್ಲಕ್ಕೂ ಸಹಾಯವನ್ನು ನಿಲ್ಲಿಸಿತು. ಎಲ್ಲರಿಗೂ ಸಮನಾಗಿ ಇಲ್ಲವೆಂದುದರಲ್ಲಿ ಪಕ್ಷಪಾತವೆಲ್ಲಿ ಎಂಬುದು ಪೂರ್ವಪಕ್ಷ. ಕೆಳಗಿನ ನ್ಯಾಯಾಲಯವು ವ್ಯಾಜ್ಯವನ್ನು ತಳ್ಳಿಹಾಕಿತು. ಒಂಬತ್ತನೆಯ ವಲಯದ ನ್ಯಾಯಾಲಯವು ೨೦೧೯ರಲ್ಲಿ ಅದನ್ನು ರದ್ದುಮಾಡಿ, ಸಂಘಗಳ ಇತರ ಕಾರ್ಯಗಳಿಗೆ ಹಣವು ಸಲ್ಲುತ್ತಿರುವಾಗ ಮುದ್ರಣವನ್ನು ಮಾತ್ರ ಪ್ರತ್ಯೇಕಿಸಿದುದು ವಿಚಾರಣಾರ್ಹವೆಂದು ಹಿಂದಕ್ಕೆ ಕಳುಹಿಸಿತು.

ಕ್ಯಾಂಪಸ್ ಎಕೊ ಪತ್ರಿಕೆಯ ಬರಹವಾಗಲಿ ಕೋಆಲದ ಬರಹವಾಗಲಿ ಶ್ಲಾಘ್ಯವೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ನಿಂದ್ಯವಾದ ಬರಹವನ್ನು ಬರಹದಿಂದಲೇ ಖಂಡಿಸಲು ಎಲ್ಲರಿಗೂ ಅಧಿಕಾರವುಂಟು. ಬೊಕ್ಕಸದ ಬೀಗದಿಂದ ಖಂಡಿಸುವುದೇ ದೋಷ. ಅದರ ಫಲವನ್ನು ಸ್ಯಾನ್ ಡಿಯೇಗೋದಲ್ಲಿ ಅಪರಾಧವನ್ನೇ ಮಾಡದ ಇತರ ಪತ್ರಿಕೆಗಳೂ ಅನುಭವಿಸಿದುವು. ಆದುದರಿಂದ ಕೀಲಿಕೈಯು ಅಧ್ಯಕ್ಷರಲ್ಲಿದೆಯೇ ವಿದ್ಯಾರ್ಥಿಗಳಲ್ಲಿದೆಯೇ, ಕಡಿತವು ಒಬ್ಬರಿಗೇ ಎಲ್ಲರಿಗೇ ಎಂಬುದರಿಂದ ಮಾತ್ರವೇ ನ್ಯಾಯವು ನಿರ್ಣಯವಾಗದು. ಕಡಿತಕ್ಕೆ ನಿಜವಾದ ಹೇತುವಾವುದೆಂಬುದನ್ನೇ ಮುಖ್ಯವಾಗಿ ಪರಿಶೋಧಿಸತಕ್ಕದ್ದೆಂಬುದು ಈ ಐದು ನಿರ್ಣಯಗಳ ಅನುಶೀಲನದಿಂದ ವ್ಯಕ್ತವಾಗುತ್ತದೆ.